ಹೂಗ್ಲಿ ತೀರದ ಹಳೆಯ ಊರುಗಳು, ನಮ್ಮ ಕೈಯ ಕ್ಯಾಮರಾ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕೋಶ ಓದಬೇಕು, ದೇಶ ಸುತ್ತಬೇಕು ಎಂದರು ನಮ್ಮ ಹಿರಿಯರು. ಈಗಿನವರು ಅದಕ್ಕೆ ಮೂರನೆಯದೊಂದನ್ನು ಸೇರಿಸಿದ್ದಾರೆ: ಪಟ ತೆಗೆಯಬೇಕು. ಯೂರೋಪಿಗೆ ಹೋಗಿಬಂದವರ ಮನೆಗೆ ಹೋದರೆ ಕಾಫಿಯ ಜೊತೆಗೆ ಪ್ರಾಗ್, ಫ್ಲಾರೆನ್ಸ್ ನಗರಗಳ ಪಟಗಳೂ ಬರುತ್ತವೆ. ಸಂತೋಷದ ವಿಷಯವೇ. ಆದರೆ ಲೇಕ್ ಮಾರ್ಕೆಟ್ಟಿನ ಸುತ್ತಮುತ್ತ ವಾಸಿಸುವ ನಮಗೆ ಯೂರೋಪಿನವರು ಕಟ್ಟಿದ ಹಳೆಯ ಊರುಗಳನ್ನು ನೋಡಲು ವೀಸಾ ಬೇಕಾಗಿಲ್ಲ. ಕಾಲೀಘಾಟಿನಲ್ಲಿ ಮೆಟ್ರೋ ಹತ್ತಿ ಎಸ್ಪ್ಲನೇಡಿನಲ್ಲಿ ಬದಲಾಯಿಸಿದರೆ, ೨೦೨೪ರಿಂದ ನದಿಯ ಅಡಿಯಲ್ಲೇ ಹಾದು ಹೌರಾ ಸೇರಬಹುದು. ಅಲ್ಲಿಂದ ಬ್ಯಾಂಡೆಲ್ ಲೋಕಲ್ಲು. ಒಂದೇ ಹಳಿಯ ಮೇಲೆ ಡೇನರ ಶ್ರೀರಾಮಪುರ, ಫ್ರೆಂಚರ ಚಂದನ್‌ನಗರ, ಡಚ್ಚರ ಚಿನ್ಸುರಾ, ಪೋರ್ಚುಗೀಸರ ಬ್ಯಾಂಡೆಲ್ ಮಣಿಸರದಂತೆ ಬರುತ್ತವೆ.

ಮೊದಲು ಸಿಗುವುದು ಶ್ರೀರಾಮಪುರ. ೧೭೫೫ರಿಂದ ೧೮೪೫ರವರೆಗೆ ಡೆನ್ಮಾರ್ಕಿನವರು ಇದನ್ನು ತಮ್ಮ ಅರಸನ ಹೆಸರಿನಿಂದ ಫ್ರೆಡರಿಕ್ಸ್‌ನಗರವೆಂದು ಕರೆದು ಇಟ್ಟುಕೊಂಡಿದ್ದರು. ಆಮೇಲೆ ಇಂಗ್ಲಿಷರಿಗೆ ಮಾರಿ ಹೊರಟುಹೋದರು. ಅವರ ಸೇಂಟ್ ಓಲಾವ್ ಚರ್ಚು ೧೮೦೬ರಲ್ಲಿ ಮುಗಿಯಿತು. ಮುಂದೆ ಜೋಡಿಕಂಬಗಳ ಮೊಗಸಾಲೆ, ಅದರ ನೆತ್ತಿಯಲ್ಲಿ ಏಳನೆಯ ಕ್ರಿಶ್ಚಿಯನ್ ದೊರೆಯ ಮುದ್ರೆ, ಹಿಂದೆ ಗಡಿಯಾರದ ಗೋಪುರ.

ಕನ್ನಡಿಗರು ಈ ಊರಿಗೆ ಹೋಗಲು ಇನ್ನೊಂದು ಕಾರಣವೂ ಇದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ೧೮೧೭ರಲ್ಲಿ ಅಚ್ಚಾದದ್ದು ಇಲ್ಲಿಯ ಮಿಷನ್ ಮುದ್ರಣಾಲಯದಲ್ಲಿ. ೧೮೧೨ರಲ್ಲಿ ಆ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಹಲವು ಭಾಷೆಗಳ ಅಚ್ಚುಮೊಳೆಗಳೂ ಹಸ್ತಪ್ರತಿಗಳೂ ಸುಟ್ಟುಹೋಗಿದ್ದವು. ಅದಾದ ಐದು ವರ್ಷಕ್ಕೆ ನಮ್ಮ ಅಕ್ಷರಗಳು ಅಲ್ಲಿಂದಲೇ ಕಾಗದದ ಮೇಲೆ ಮೂಡಿ ಬಂದವು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಆರಂಭವಾದದ್ದು ೧೮೪೧ರಲ್ಲಿ ಎಂಬುದನ್ನು ನೆನೆದರೆ, ಹೂಗ್ಲಿ ದಂಡೆಯ ಋಣ ಎಷ್ಟೆಂಬುದು ತಮಗೆ ತಿಳಿದೀತು.

ಈ ಊರುಗಳ ಕಟ್ಟಡಗಳಲ್ಲಿ ಒಂದು ಗುಟ್ಟಿದೆ. ದೂರದಿಂದ ನೋಡಿದರೆ ಗ್ರೀಸ್ ರೋಮುಗಳ ಕಲ್ಲುಕಂಬಗಳು. ಹತ್ತಿರ ಹೋದರೆ ಇಟ್ಟಿಗೆ ಮತ್ತು ಸುಣ್ಣದ ಗಾರೆ. ಮೆಕ್ಕಲುಮಣ್ಣಿನ ಈ ನಾಡಿನಲ್ಲಿ ಕಲ್ಲೆಲ್ಲಿ? ಬೇಲೂರಿನ ಶಿಲ್ಪಿಗೆ ಬಳಪದ ಕಲ್ಲು ಸಿಕ್ಕಿತು. ಇಲ್ಲಿಯ ಮೇಸ್ತ್ರಿಗೆ ಸಿಕ್ಕಿದ್ದು ಮಣ್ಣು. ಮಳೆ ಸೋರಿದರೆ ಗಾರೆ ಉದುರುತ್ತದೆ. ಬಿರುಕಿನಲ್ಲಿ ಅರಳಿಯ ಬೀಜವೊಂದು ಬಿದ್ದರೆ ಬೇರು ಗೋಡೆಯನ್ನೇ ಸೀಳುತ್ತದೆ. ಶ್ರೀರಾಮಪುರದಲ್ಲಿ ೧೭೮೬ರಲ್ಲಿ ತೆರೆದ ಡೆನ್ಮಾರ್ಕ್ ಟ್ಯಾವರ್ನ್ ಸೂರು ಕುಸಿದು ಹಾಳುಬಿದ್ದಿತ್ತು. ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನೆರವಿನಿಂದ ಜೀರ್ಣೋದ್ಧಾರವಾಗಿ ೨೦೧೮ರಲ್ಲಿ ಮತ್ತೆ ಬಾಗಿಲು ತೆರೆಯಿತು. ಆ ಚರ್ಚಿನ ಜೀರ್ಣೋದ್ಧಾರಕ್ಕೆ ೨೦೧೬ರಲ್ಲಿ ಯುನೆಸ್ಕೋ ಪ್ರಶಸ್ತಿಯೂ ಬಂತು. ಆದರೆ ಎಲ್ಲ ಕಟ್ಟಡಗಳಿಗೂ ಈ ಭಾಗ್ಯವಿಲ್ಲ. ಬಹುಪಾಲು ಕಟ್ಟಡಗಳದು ಉಳಿದರೆ ಪಟವೊಂದೇ.

ಪಟದ ಬೆಲೆ ಏನೆಂಬುದಕ್ಕೆ ನಮ್ಮ ಹಂಪೆಯೇ ಸಾಕ್ಷಿ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ೧೮೫೬ರ ಸುಮಾರಿಗೆ ಮೇಣ ಸವರಿದ ದೊಡ್ಡ ಕಾಗದದ ಹಾಳೆಗಳ ಮೇಲೆ ಅಲ್ಲಿಯ ಗುಡಿಗಳ ಪಟ ತೆಗೆದ. ಆ ಹಾಳೆಗಳು ಎಷ್ಟೋ ಕಾಲ ಯಾರ ಕಣ್ಣಿಗೂ ಬೀಳದೆ ಇದ್ದು ೧೯೮೦ರಲ್ಲಿ ಬೆಳಕಿಗೆ ಬಂದವು. ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವವೇ ಜಾಗಗಳಲ್ಲಿ ನಿಂತು ಮತ್ತೆ ಪಟ ತೆಗೆದರು. ವಿಠ್ಠಲ ಗುಡಿಯ ಕಲ್ಲಿನ ರಥವನ್ನು ತಾವೆಲ್ಲರೂ ಬಲ್ಲಿರಿ. ೨೦೧೭ರಲ್ಲಿ ಹೊರಬಂದ ಐವತ್ತು ರೂಪಾಯಿ ನೋಟಿನ ಮೇಲೂ ಅದೇ ಇದೆ. ಗ್ರೀನ್‌ಲಾನ ಪಟದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಈಗ ಅದಿಲ್ಲ. ಕಲ್ಲು ಉಳಿಯಿತು, ಇಟ್ಟಿಗೆ ಹೋಯಿತು. ಆ ಪಟ ಇಲ್ಲದಿದ್ದರೆ ರಥ ಹಿಂದೆಯೂ ಹೀಗೆಯೇ ಬೋಳಾಗಿತ್ತೆಂದು ನಾವು ನಂಬಿಬಿಡುತ್ತಿದ್ದೆವು. ಹಂಪೆಯಲ್ಲೇ ಹೀಗಾದರೆ, ಇಟ್ಟಿಗೆಯಿಂದಲೇ ಕಟ್ಟಿದ ಬಂಗಾಳದ ಪಾಡೇನು?

ಇನ್ನು ಪಟ ತೆಗೆಯುವ ಬಗೆ. ಈ ನಾಲ್ಕು ಊರುಗಳೂ ನದಿಯ ಪಶ್ಚಿಮ ದಂಡೆಯಲ್ಲಿವೆ. ನದಿಗೆ ಮುಖಮಾಡಿದ ಕಟ್ಟಡಗಳು ಪೂರ್ವಕ್ಕೆ ನೋಡುತ್ತವೆ. ಆದುದರಿಂದ ಬೆಳಗಿನ ಬಿಸಿಲೇ ಬಿಸಿಲು. ಮಧ್ಯಾಹ್ನ ಊಟ ಮುಗಿಸಿ ಹೊರಟವರಿಗೆ ನೆರಳಿನ ಮುಖವೇ ಗತಿ. ಮೊಬೈಲನ್ನಾಗಲಿ ಕ್ಯಾಮರಾವನ್ನಾಗಲಿ ಮೇಲಕ್ಕೆ ವಾಲಿಸಬೇಡಿ. ವಾಲಿಸಿದರೆ ಕಂಬಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ಹಿಡಿಯಿರಿ. ಮೊದಲು ಇಡೀ ಕಟ್ಟಡ, ಆಮೇಲೆ ಎರಡು ಗೋಡೆ ಕಾಣುವ ಮೂಲೆ, ಆಮೇಲೆ ಕಿಟಕಿ, ಕಂಬದ ಬೋದಿಗೆ, ಕೊನೆಗೆ ಬರಹವಿದ್ದರೆ ಬರಹ. ಅಳತೆ ತಿಳಿಯಲು ಒಂದು ಕೊಡೆಯನ್ನೋ ಒಬ್ಬ ಮನುಷ್ಯನನ್ನೋ ಪಕ್ಕದಲ್ಲಿ ನಿಲ್ಲಿಸಿರಿ. ಊರು, ಬೀದಿ, ತಾರೀಖುಗಳನ್ನು ಅಂದೇ ಬರೆದಿಡಿ. ಹೆಸರಿಲ್ಲದ ಪಟ ವಿಳಾಸವಿಲ್ಲದ ಕಾಗದ.

ಚಂದನ್‌ನಗರದಲ್ಲಿ ನದೀತೀರದ ಸ್ಟ್ರಾಂಡ್ ರಸ್ತೆ, ಡ್ಯೂಪ್ಲೆ ಭವನದ ವಸ್ತುಸಂಗ್ರಹಾಲಯ, ೧೮೮೪ರ ಸೇಕ್ರೆಡ್ ಹಾರ್ಟ್ ಚರ್ಚು ನೋಡತಕ್ಕವು. ೧೯೫೦ರವರೆಗೂ ಅಲ್ಲಿ ಫ್ರೆಂಚರ ಆಡಳಿತವಿತ್ತು; ೧೯೫೪ರಲ್ಲಿ ಊರು ಪಶ್ಚಿಮ ಬಂಗಾಳಕ್ಕೆ ಸೇರಿತು. ಜಗದ್ಧಾತ್ರಿ ಪೂಜೆಯ ದಿನಗಳಲ್ಲಿ ಹೋದರೆ ದೀಪಾಲಂಕಾರ ಸಿಕ್ಕೀತು, ಕಟ್ಟಡ ಸಿಕ್ಕದು. ಚಿನ್ಸುರಾದ ಡಚ್ ಸ್ಮಶಾನಕ್ಕೂ ಬ್ಯಾಂಡೆಲ್ಲಿನ ಚರ್ಚಿಗೂ ಇನ್ನೊಂದು ಭಾನುವಾರ ಮೀಸಲಿಡಿ.

ಕೊನೆಯದಾಗಿ ನಮ್ಮ ಬೀದಿಯ ಮಾತು. ಕೆಂಪು ಗಾರೆಯ ನೆಲ, ಹಸುರು ಬಣ್ಣದ ಪಟ್ಟಿಕಿಟಕಿ, ಅರ್ಧಚಂದ್ರದ ಬಾಲ್ಕನಿ, ಬಾಗಿಲ ಮುಂದೆ ಕೂತು ಹರಟುವ ಜಗಲಿ: ಇಂಥ ಮನೆಗಳಲ್ಲೇ ನಮ್ಮವರು ಬಾಡಿಗೆಗಿದ್ದು ಮಕ್ಕಳನ್ನು ಓದಿಸಿದರು, ಗೌರಿಹಬ್ಬ ಮಾಡಿದರು. ಅವು ಒಂದೊಂದಾಗಿ ನೆಲಸಮವಾಗಿ ಫ್ಲ್ಯಾಟುಗಳು ಏಳುತ್ತಿವೆ. ಹಳೆಯ ಲೇಕ್ ಮಾರ್ಕೆಟ್ಟಿನ ಜಾಗದಲ್ಲಿಯೇ ಮಾಲ್ ಎದ್ದಿದೆ. ಕಟ್ಟಬೇಡಿರೆಂದು ಹೇಳಲು ನಾವು ಯಾರು? ಮನೆ ಮಾರುವವರಿಗೆ ಅವರವರ ಕಷ್ಟವಿರುತ್ತದೆ. ಆದರೆ ನಮ್ಮ ಮನೆಗಳ ಆಲ್ಬಮ್ಮುಗಳನ್ನು ತೆರೆದು ನೋಡಿ: ನಾಮಕರಣದಲ್ಲಿ ಅಜ್ಜಿಯ ಮುಖವಿದೆ, ಉಪನಯನದಲ್ಲಿ ವಟುವಿನ ಮುಖವಿದೆ, ಹಿಂದೆ ಅಂಗೈಯಗಲ ಗೋಡೆ. ಮನೆ ಎಲ್ಲಿ? ಊರಿನಲ್ಲಾದರೆ ಹಿರಿಯರ ಮನೆಯನ್ನು ತೋರಿಸಲು ಜಮೀನಿದೆ, ಗುಡಿಯಿದೆ, ಹೆಸರು ಹೇಳುವ ನೆರೆಯವರಿದ್ದಾರೆ. ಪರಸ್ಥಳದಲ್ಲಿ ಬಾಡಿಗೆಗಿದ್ದವರಿಗೆ ಆ ಮನೆ ಬಿದ್ದರೆ, ತಾವು ಇಲ್ಲಿ ಬಾಳಿದ್ದಕ್ಕೆ ಕಣ್ಣಿಗೆ ಕಾಣುವ ಗುರುತೇ ಇಲ್ಲವಾಗುತ್ತದೆ.

ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ವಿಜ್ಞಾಪನೆ. ಪ್ರತಿ ಕುಟುಂಬವೂ ತಾನು ಈ ಊರಿನಲ್ಲಿ ವಾಸವಾಗಿದ್ದ ಮನೆಗಳ ಪೈಕಿ ಇನ್ನೂ ನಿಂತಿರುವುದನ್ನು ರಸ್ತೆಯ ಆಚೆಬದಿಯಿಂದ, ಅಡಿಪಾಯದಿಂದ ತಾರಸಿಯವರೆಗೆ, ಒಂದು ಪಟ ತೆಗೆದು, ಇದ್ದವರು ಯಾರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಹಿಂದೆ ಕನ್ನಡದಲ್ಲಿ ಬರೆದು ಸಂಘಕ್ಕೆ ಕೊಡಲಿ. ಅದಕ್ಕೆ ನಮ್ಮ ಪುಸ್ತಕದ ಬೀರುವಿನಲ್ಲಿ ಒಂದು ಅಂಕಣ ಸಾಕು. ಬರುವ ಭಾನುವಾರ ಶ್ರೀರಾಮಪುರಕ್ಕೆ ಹೋಗುವವರು ಹೋಗಿ ಕೈ ಪಳಗಿಸಿಕೊಳ್ಳಿ. ಅದರ ಮುಂದಿನ ಭಾನುವಾರ ನಮ್ಮ ಬೀದಿಗಳಲ್ಲಿಯೇ ಕೆಲಸ ಆರಂಭಿಸೋಣ.