ನಾಡವರೆಂದರೆ ಯಾರು?

ಕಲಬುರಗಿಯಿಂದ ಹುಮನಾಬಾದಿನ ಹಾದಿ ಹಿಡಿದವರಿಗೆ ನಡುವೆ ಕಮಲಾಪುರ ಸಿಕ್ಕುತ್ತದೆ. ಆ ಊರಿನ ಹೆಸರನ್ನು ದೂರದವರಿಗೆ ಮುಟ್ಟಿಸಿದುದು ಅಲ್ಲಿಯ ಕೆಂಪು ಬಾಳೆ. ಈಚೆಗೆ ಆ ಹಣ್ಣಿಗೆ ಸರ್ಕಾರದ ದಾಖಲೆಯಲ್ಲಿ ಭೌಗೋಳಿಕ ಗುರುತೂ ದೊರೆತಿರುತ್ತದೆ. ಬಾಳೆಯ ಮೂಲ ತವರು ಆಗ್ನೇಯ ಏಷ್ಯದ ಕಾಡುಗಳೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಹಾಗೆಂದು ಕಮಲಾಪುರದ ಬಾಳೆಯನ್ನು ಪರದೇಶದ್ದೆಂದು ಯಾರೂ ತಳ್ಳಿಹಾಕಿಲ್ಲ. ಕೊಳ್ಳುವವನು ಬೆಳೆದ ಮಣ್ಣನ್ನು ವಿಚಾರಿಸುತ್ತಾನೆ. ಗಿಡದ ವಂಶಾವಳಿಯನ್ನು ಕೇಳುವುದಿಲ್ಲ.

ಇಂದಿನ ವಿಷಯಕ್ಕೂ ಬಾಳೆಯ ಹಣ್ಣಿಗೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ಒಂದು ಜನವನ್ನು ಒಂದು ಜನವೆಂದು ಗುರುತಿಸತಕ್ಕದ್ದು ರಕ್ತದಿಂದಲೋ, ನೆಲದಿಂದಲೋ, ನುಡಿಯಿಂದಲೋ ಎಂಬುದು ನಾವು ಈಗ ವಿಚಾರಮಾಡಬೇಕೆಂದಿರುವ ಪ್ರಶ್ನೆ. ಹೊಸಗಾಲದ ಸಾಹಿತ್ಯವು ಹುಟ್ಟಿದ ದೇಶಗಳಲ್ಲೆಲ್ಲಾ ಈ ಪ್ರಶ್ನೆಯೂ ಅದರ ಜೊತೆಯಲ್ಲಿಯೇ ಹುಟ್ಟಿದೆ. ನಮ್ಮಲ್ಲಿ ಹುಟ್ಟಿದ ಕಾಲದಲ್ಲಿಯೇ ದೂರದ ಕೊರಿಯಾ ದೇಶದಲ್ಲಿಯೂ ಹುಟ್ಟಿತು.

ಕೊರಿಯಾದವರಿಗೆ 1446ರಲ್ಲಿಯೇ ಸೇಜೊಂಗ್ ದೊರೆಯು ಸ್ವಂತ ಲಿಪಿಯನ್ನು ಕೊಟ್ಟಿದ್ದನು. ಆದರೆ ಪಂಡಿತರ ಮರ್ಯಾದೆಯೆಲ್ಲವೂ ಚೀನೀ ಬರಹಕ್ಕೇ ಸಲ್ಲುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೇಶವು ಅಪಾಯಕ್ಕೆ ಸಿಕ್ಕಿದಾಗ ಆ ಲಿಪಿಗೆ ಬೆಲೆ ಬಂದಿತು. 1905ರಲ್ಲಿ ಜಪಾನಿನ ರಕ್ಷಣೆಗೆ ಒಳಗಾದ ಆ ನಾಡು 1910ರಲ್ಲಿ ಸಂಪೂರ್ಣವಾಗಿ ಅದರ ವಶವಾಯಿತು. ಈ ಎರಡರ ನಡುವೆ, 1908ರಲ್ಲಿ, ಶಿನ್ ಚೇ-ಹೋ ಎಂಬ ಲೇಖಕನು ಚರಿತ್ರೆಯನ್ನು ಓದುವ ಹೊಸ ಬಗೆಯೊಂದನ್ನು ವೃತ್ತಪತ್ರಿಕೆಯಲ್ಲಿ ಪ್ರಕಟಿಸಿದನು. ರಾಜವಂಶಗಳು ಬರುತ್ತವೆ, ಹೋಗುತ್ತವೆ. ಚರಿತ್ರೆಯ ನಿಜವಾದ ನಾಯಕನು ತಾಂಗುನ್ ಎಂಬ ಮೂಲಪುರುಷನ ಸಂತತಿಯಾದ ಜನಾಂಗವೇ ಎಂಬುದು ಅವನ ವಾದ. ಆ ಜನಾಂಗಕ್ಕೆ ಅವನು ಬಳಸಿದ ಶಬ್ದ ‘ಮಿಂಜೋಕ್’. ಸ್ವಾರಸ್ಯವೇನೆಂದರೆ ಆ ಶಬ್ದವೇ ಜಪಾನಿನಿಂದ ಬಂದ ಎರವಲು. ವೈರಿಯ ಕಮ್ಮಟದಲ್ಲಿ ಅಚ್ಚಾದ ನಾಣ್ಯದಿಂದಲೇ ಅವನು ತನ್ನ ಸ್ವಾತಂತ್ರ್ಯವನ್ನು ಕೊಳ್ಳಹೊರಟನೆನ್ನಬಹುದು. 1936ರಲ್ಲಿ ಅವನು ಜಪಾನೀಯರ ಸೆರೆಮನೆಯಲ್ಲಿ ಮಡಿದನು.

1917ರಲ್ಲಿ ಯಿ ಗ್ವಾಂಗ್‌ಸು ಎಂಬುವನ ‘ಮುಜೊಂಗ್’ ಎಂಬ ಕಾದಂಬರಿ ಹೊರಬಿದ್ದಿತು. ಕೊರಿಯಾದ ಮೊದಲ ಆಧುನಿಕ ಕಾದಂಬರಿಯೆಂದು ಅದಕ್ಕೆ ಹೆಸರು. ಅದರ ಕೊನೆಯಲ್ಲಿ ಒಂದು ಪ್ರಸಂಗವಿದೆ: ರೈಲಿನಲ್ಲಿ ಹೊರಟ ಯುವಕಯುವತಿಯರು ನೆರೆಯಿಂದ ಮನೆಮಠ ಕಳೆದುಕೊಂಡ ಹಳ್ಳಿಗರನ್ನು ಕಾಣುತ್ತಾರೆ, ತಮ್ಮ ಸ್ವಂತ ದುಃಖವನ್ನು ಮರೆತು ನಿಲ್ದಾಣದಲ್ಲಿಯೇ ಸಂಗೀತ ನಡೆಸಿ ಅವರಿಗಾಗಿ ಹಣ ಕೂಡಿಸುತ್ತಾರೆ. ಗುರುತಿಲ್ಲದವರು ತಮ್ಮವರಾಗುವ ಆ ಗಳಿಗೆಯು ನಮಗೆ ತಾಂಗುನನ ವಂಶಕಥೆಗಿಂತ ಹೆಚ್ಚು ಸತ್ಯವಾಗಿ ತೋರುತ್ತದೆ. ಆದರೆ ಅದನ್ನು ಬರೆದವನೇ ಮುಂದೆ ಜಪಾನೀ ಹೆಸರನ್ನು ಧರಿಸಿ, ಆ ಸಾಮ್ರಾಜ್ಯದ ಯುದ್ಧಕ್ಕೆ ಬೆಂಬಲವಾಗಿ ಬರೆದನೆಂಬುದನ್ನೂ ಮರೆಮಾಚತಕ್ಕದ್ದಲ್ಲ.

ಅದೇ 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು ಪ್ರಕಟವಾಯಿತು. ಕಾಲ ಕೂಡಿಬಂದುದು ಆಕಸ್ಮಿಕವಿರಬಹುದು. ಮನಸ್ಸಿನ ಹಸಿವು ಒಂದೇ. ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹರಿದುಹಂಚಿಹೋಗಿದ್ದ ಕನ್ನಡಿಗರಿಗೆ, ನಿಮಗೂ ಒಂದು ಚರಿತ್ರೆಯುಂಟು ಎಂದು ಆ ಪುಸ್ತಕವು ಹೇಳಿತು. ಅದರ ಉಪಕಾರವನ್ನು ನಾವು ಯಾವಾಗಲೂ ಸ್ಮರಿಸಬೇಕು. ಆದರೆ ಕಲಬುರಗಿಯಲ್ಲಿ ಕುಳಿತು ಆ ಕಾಲದ ನಾಡಚರಿತ್ರೆಗಳನ್ನು ಓದುವವನಿಗೆ ಒಂದು ಸಣ್ಣ ಮುಳ್ಳು ಚುಚ್ಚುತ್ತದೆ. ಅವುಗಳಲ್ಲಿ ವೈಭವವೆಂದರೆ ಬಾದಾಮಿ, ಮಳಖೇಡ, ಕಲ್ಯಾಣ, ವಿಜಯನಗರ. 1347ರಲ್ಲಿ ಬಹಮನೀ ರಾಜ್ಯದ ರಾಜಧಾನಿಯಾದ ಅವನ ಊರು ಬಹುಮಟ್ಟಿಗೆ ಎದುರುಪಾಳೆಯದ ಸಾಲಿನಲ್ಲಿ ನಿಂತಿರುತ್ತದೆ. 1367ರಲ್ಲಿ ಕಟ್ಟಿದ ಕೋಟೆಯ ಜಾಮಿ ಮಸೀದಿಯು, ತೆರೆದ ಅಂಗಳವೇ ಇಲ್ಲದೆ ಇಡಿಯಾಗಿ ಚಾವಣಿ ಹೊದ್ದಿರುವ ಆ ಅಪೂರ್ವ ಕಟ್ಟಡವು, ಯಾರ ವೈಭವ? ಕನ್ನಡನಾಡಿನ ಕಲ್ಲಿನಿಂದ ಎದ್ದುದು ಕನ್ನಡನಾಡಿನದಲ್ಲವೆಂದು ಹೇಳುವುದು ಹೇಗೆ?

ಈ ತೊಡಕಿಗೆ ಉತ್ತರವು ಕಲಬುರಗಿಯ ಹತ್ತಿರದಲ್ಲಿಯೇ ಇದೆ. ಕಾಗಿಣಾ ನದಿಯ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ವು ಹುಟ್ಟಿತು. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಸಂಪಾದಿಸಿ ಅಚ್ಚುಮಾಡಿಸಿದ ಮೇಲೆ, ಕಾವೇರಿಯಿಂದ ಗೋದಾವರಿಯವರೆಗಿನ ನಾಡೆಂಬ ಅದರ ಮಾತು ಏಕೀಕರಣದವರಿಗೆ ಮಂತ್ರವಾಯಿತು. ಎಲ್ಲರೂ ಆ ಎಲ್ಲೆಯನ್ನು ನೆನೆಯುತ್ತಾರೆ. ಎಲ್ಲೆಯೊಳಗಿನವರನ್ನು ಗ್ರಂಥಕಾರನು ಹೇಗೆ ಗುರುತಿಸಿದನೆಂಬುದನ್ನು ಅಷ್ಟಾಗಿ ನೋಡುವುದಿಲ್ಲ. ಅಲ್ಲಿ ಮೂಲಪುರುಷನಿಲ್ಲ, ವಂಶವಿಲ್ಲ. ನುಡಿಯನ್ನರಿತು ಆಡಬಲ್ಲವರು, ಓದು ಕಲಿಯದೆಯೂ ಕಾವ್ಯದಲ್ಲಿ ನುರಿತವರು ಆ ನಾಡಿನವರು. ಕನ್ನಡದ ತಿರುಳಿರುವುದೆಲ್ಲಿ ಎಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳ ನಡುವೆ ಎನ್ನುತ್ತಾನೆ. ದೊರೆಯ ಸ್ವಂತ ರಾಜಧಾನಿಯೇ ಆ ಮೇರೆಯ ಹೊರಗೆ ಉಳಿಯಿತು! ಆಸ್ಥಾನದ ಕವಿಯೊಬ್ಬನು ಇಷ್ಟು ಧೈರ್ಯವಾಗಿ ಬರೆದುದು ನಮಗಂತೂ ಸೋಜಿಗ. ಇದಲ್ಲದೆ, ದೇಸಿಯು ಊರೂರಿಗೆ ಬೇರೆಯಾಗಿರುವುದರಿಂದ ಅದರ ತಪ್ಪುಗಳನ್ನು ಎಣಿಸಹೊರಟರೆ ಸಾವಿರ ನಾಲಗೆಯ ಸರ್ಪರಾಜನಿಗೂ ಬೇಸರ ಬಂದೀತೆಂದು ಹೇಳಿದವನೂ ಅವನೇ.

ಇನ್ನು ನಿಜಾಮರ ಕಾಲದ ಮಾತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವಿನಲ್ಲಿಯೇ ಉಚ್ಚಶಿಕ್ಷಣವನ್ನು ಕೊಟ್ಟಿತು. ಇಂಗ್ಲಿಷಿನ ಬದಲು ದೇಶಭಾಷೆಯೊಂದರಲ್ಲಿ ವಿಜ್ಞಾನವನ್ನು ಬೋಧಿಸಿದ ಆ ಸಾಹಸವು ದೊಡ್ಡದೇ. ಆದರೆ ಕಲಬುರಗಿಯ ಕನ್ನಡದ ಹುಡುಗನಿಗೆ ಅದು ತಾಯಿಯ ಮಾತಾಗಿರಲಿಲ್ಲ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಇನ್ನೊಂದು. ಆ ಹುಡುಗನ ಕಷ್ಟವು ನಿಜವಾದುದು. ಜಪಾನೀ ಶಾಲೆಯಲ್ಲಿ ಕುಳಿತ ಕೊರಿಯಾದ ಹುಡುಗನು ಅದನ್ನು ಕೂಡಲೆ ಗುರುತಿಸುತ್ತಿದ್ದನು. ಹೋಲಿಕೆಯು ಅಲ್ಲಿಗೇ ನಿಲ್ಲುತ್ತದೆ. ಜಪಾನೀ ಭಾಷೆಯು ಕೊರಿಯಾಕ್ಕೆ ಹಡಗಿನಲ್ಲಿ ಬಂದಿಳಿದುದು. ಉರ್ದುವಿನ ಸೋದರಿಯಾದ ದಖನಿಯಾದರೋ ಈ ನೆಲದಲ್ಲಿ, ಬಹಮನಿಗಳ ದಂಡು ಪೇಟೆಗಳಲ್ಲಿ, 1422ರಲ್ಲಿ ಕಾಲವಾದ ಬಂದೇನವಾಜರಂತಹ ಸೂಫಿಗಳ ಸುತ್ತ ನೆರೆದ ಜನರ ಬಾಯಲ್ಲಿ ಬೆಳೆದುದು. ದರ್ಗಾದ ಓಣಿಯಲ್ಲಿ ದಖನಿಯನ್ನಾಡುವ ಮುದುಕಿಗೆ ಈ ಊರಲ್ಲದೆ ಬೇರೆ ತವರಿಲ್ಲ. ಕಚೇರಿಯ ಭಾಷೆಯ ಮೇಲಣ ಜಗಳವನ್ನು ಓಣಿಯ ಭಾಷೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕಲಬುರಗಿಯ ಕನ್ನಡದಿಂದ ವಕೀಲ, ಜಮೀನು, ದಾವೆ, ಜಲ್ದಿ ಎಂಬ ಮಾತುಗಳನ್ನು ಆರಿಸಿ ತೆಗೆಯಬೇಕೆಂಬ ಶುದ್ಧಿಯ ಹಟವನ್ನೂ ನಾವು ಒಪ್ಪಲಾರೆವು. ಹಾಗೆ ತೆಗೆಯುವವರು ನ್ಯಾಯಾಲಯದ ಅಂಗಳದಲ್ಲಿ ಅರ್ಧ ಗಂಟೆ ಮಾತಾಡಿ ತೋರಿಸಲಿ.

1928ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಮೊದಲ ಬಾರಿಗೆ ನಿಜಾಮರ ಸೀಮೆಗೆ ಬಂದು ಕಲಬುರಗಿಯಲ್ಲಿ ಸೇರಿತು, ಮೈಸೂರಿನ ಬಿ. ಎಂ. ಶ್ರೀಕಂಠಯ್ಯನವರು ಅಧ್ಯಕ್ಷರು. ರಾಜ್ಯಗಳು ಬೇರೆಯಾಗಿದ್ದರೂ ನುಡಿಯ ನಾಡು ಒಂದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವು ಅಂದು ಬೇಕಾಗಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಳಗೆ ಸೇರಿತು. ಅದಕ್ಕೆ ಮುಂಚೆಯೂ ಅನಂತರವೂ ಈ ಸೀಮೆಯ ಹಳ್ಳಿಗಳು ಕಂಡ ರಕ್ತಪಾತವನ್ನು ಹಿರಿಯರು ಬಹುಕಾಲ ಮರೆಯಲಿಲ್ಲ. ಯಾರು ನಮ್ಮವರು, ಯಾರು ಪರಕೀಯರು ಎಂಬ ಪ್ರಶ್ನೆಯು ಆಗ ಪುಸ್ತಕದಲ್ಲಿ ಉಳಿದಿರಲಿಲ್ಲ. ಮನೆಯ ಬಾಗಿಲನ್ನೇ ತಟ್ಟಿತ್ತು.

ಆ ಗಾಯವು ಇನ್ನೂ ಹಸಿಯಾಗಿರುವಾಗಲೇ, 1949ರಲ್ಲಿ, ಸಮ್ಮೇಳನವು ಎರಡನೆಯ ಸಲ ಕಲಬುರಗಿಗೆ ಬಂದಿತು. ಅಂದು ಅಧ್ಯಕ್ಷಪೀಠದಲ್ಲಿ ಕುಳಿತವರು ಉತ್ತಂಗಿ ಚನ್ನಪ್ಪನವರು. ಕ್ರೈಸ್ತ ಪಾದ್ರಿಗಳು, ಜನರ ಬಾಯಲ್ಲಿ ಚದುರಿಹೋಗಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ ಕನ್ನಡಿಗರ ಕೈಗೆ ಕೊಟ್ಟವರು.