ಸೂಫಿಗಳ ಸ್ಮರಣೆ

ಉರುಸು ಎಂಬ ಮಾತು ಕನ್ನಡಿಗರ ಕಿವಿಗೆ ಹೊಸದಲ್ಲ. ಜಾತ್ರೆ ಎನ್ನುವಷ್ಟೇ ಸಲುಗೆಯಿಂದ ನಾವು ಅದನ್ನು ಬಳಸುತ್ತೇವೆ. ಅರಬ್ಬಿಯಲ್ಲಿ ಆ ಪದದ ಅರ್ಥ ಮದುವೆ. ಸಂತನು ಕಣ್ಮುಚ್ಚಿದ ದಿನವನ್ನು ಮದುವೆಯೆಂದು ಕರೆಯಬೇಕಾದರೆ ಸಾವನ್ನು ಬೇರೆಯೇ ಕಣ್ಣಿನಿಂದ ನೋಡಿರಬೇಕು. ದೇವರು ಪ್ರಿಯ, ಜೀವವು ಅಗಲಿರುವ ಪ್ರೇಮಿ, ಮರಣವೆಂದರೆ ಅವರ ಕೂಟ: ಸೂಫಿಗಳು ಕಂಡದ್ದು ಹೀಗೆ. ಶರಣಸತಿ ಲಿಂಗಪತಿ ಎಂಬ ಭಾವವನ್ನು ಬಲ್ಲ ನಮಗೆ ಇದು ಕೂಡಲೆ ಆಪ್ತವೆನಿಸುತ್ತದೆ. ಆಪ್ತವೆನಿಸಿದೊಡನೆ, ಸೂಫಿಯೆಂದರೆ ಮುಸಲ್ಮಾನರ ಶರಣನೆಂದು ಒಂದು ಸಮೀಕರಣ ಬರೆದು ಮುಂದೆ ಸಾಗಿಬಿಡುತ್ತೇವೆ. ಆಗ ಅವರು ನಡೆದ ದಾರಿಯೇ ಕಾಣದೆ ಹೋಗುತ್ತದೆ.

ದಾರಿ ಎಂದೆ, ತರೀಖತ್ ಎಂಬ ಅವರ ಮಾತಿಗೂ ಅದೇ ಅರ್ಥ. ಧರ್ಮಶಾಸ್ತ್ರವಾದ ಶರೀಅತ್ತನ್ನು ತೊರೆದವರಿಗಾಗಿ ಇರುವ ದಾರಿಯಿದೆಂದು ಬಹುಮಂದಿ ಭಾವಿಸಿದ್ದಾರೆ. ಕಲಬುರಗಿಯ ಖ್ವಾಜಾ ಬಂದೇ ನವಾಜರನ್ನು ನೋಡಿ. 1321ರಲ್ಲಿ ಹುಟ್ಟಿ, ದಿಲ್ಲಿಯಲ್ಲಿ ಚಿರಾಗ್ ನಸೀರುದ್ದೀನರ ಶಿಷ್ಯರಾಗಿ ಬೆಳೆದು, 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ಆ ನಗರವನ್ನು ಬಿಟ್ಟು, ಫಿರೋಜ್ ಷಾ ಬಹಮನಿಯ ಕಾಲದಲ್ಲಿ ಇಲ್ಲಿಗೆ ಬಂದವರು. 1422ರಲ್ಲಿ ಇಲ್ಲಿಯೇ ದೇಹವಿಟ್ಟರು. ಕುರಾನಿಗೆ ವ್ಯಾಖ್ಯಾನ ಬರೆದ ಪಂಡಿತರವರು. ಇರುವುದೆಲ್ಲ ಒಂದೇ ಎಂಬ ತತ್ತ್ವಕ್ಕೆ ಹೆಸರಾದ ಇಬ್ನ್ ಅರಬಿಯ ವಿಚಾರಗಳನ್ನು ಖಂಡಿಸಿದವರು. ಅವರನ್ನು ಅದ್ವೈತಿಯೆಂದು ಕೊಂಡಾಡುವುದು ನಮ್ಮ ಸೌಜನ್ಯವಿರಬಹುದು, ಅವರ ಮತವಂತೂ ಅಲ್ಲ.

ಈ ದಾರಿಯಲ್ಲಿ ಒಂಟಿಯಾಗಿ ನಡೆಯುವಂತಿಲ್ಲ. ಪೀರನ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟವನು ಮುರೀದ, ಅಂದರೆ ಶಿಷ್ಯ. ಆ ಪೀರನ ಕೈಯನ್ನು ಅವನ ಗುರು ಹಿಡಿದಿದ್ದ. ಹೀಗೆ ಸರಪಳಿ ಪ್ರವಾದಿಯವರೆಗೂ ಹೋಗುತ್ತದೆ. ಸರಪಳಿಗೆ ಸಿಲ್ಸಿಲಾ ಎಂದು ಹೆಸರು. ಶಿಷ್ಯನಿಗೆ ದೊರೆಯುವ ಮುಖ್ಯ ಸಾಧನೆ ಜಿಕ್ರ್, ಎಂದರೆ ಸ್ಮರಣೆ. ದೇವರಲ್ಲದೆ ಬೇರೆ ದೇವರಿಲ್ಲ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ಅರಬ್ಬಿಯಲ್ಲಿ ಅದರ ಮೊದಲರ್ಧ 'ಇಲ್ಲ' ಎನ್ನುತ್ತದೆ, ಉಳಿದರ್ಧ 'ಅವನ ಹೊರತು' ಎನ್ನುತ್ತದೆ. ಸಾಧಕನು ಮೊದಲರ್ಧದಲ್ಲಿ ಲೋಕವನ್ನು ಮನಸ್ಸಿನಿಂದ ಗುಡಿಸಿ ಹಾಕಬೇಕು, ಎರಡನೆಯದನ್ನು ಎದೆಯ ಎಡಕ್ಕೆ, ಹೃದಯದ ಮೇಲೆ, ಬಡಿದಂತೆ ನುಡಿಯಬೇಕು. ಗಟ್ಟಿಯಾಗಿ ಹೇಳುವುದುಂಟು, ತುಟಿಯಲುಗದೆ ಉಸಿರಿನೊಡನೆ ನಡೆಸುವುದೂ ಉಂಟು. ಕೊನೆಗೆ ನೆನೆಯುವವನು ಅಳಿದು ನೆನಪೊಂದೇ ಉಳಿಯಬೇಕು. ಆ ಅಳಿವೇ ಫನಾ.

ಚಿಶ್ತಿ ಪಂಥದವರು ಇದಕ್ಕೆ ಗಾನಶ್ರವಣವನ್ನೂ ಸೇರಿಸಿದರು. ಶಾಸ್ತ್ರಜ್ಞರು ಆಕ್ಷೇಪಿಸಿದರು, ನಿಜಾಮುದ್ದೀನ್ ಔಲಿಯಾ ದಿಲ್ಲಿಯ ಸುಲ್ತಾನನ ಸಭೆಯಲ್ಲಿ ಉತ್ತರ ಹೇಳಬೇಕಾಯಿತು. ಹಾಡುವವನಿಗೂ ಕೇಳುವವನಿಗೂ ಹಾಡಿಗೂ ಕಟ್ಟಳೆಗಳಿದ್ದವು. ಇಂದಿನ ಕವ್ವಾಲಿ ಕಛೇರಿಗಳಲ್ಲಿ ಕೇಳುವವನ ಕಟ್ಟಳೆಯನ್ನು ನೆನೆಯುವವರು ವಿರಳ.

ಇಷ್ಟು ಕಠಿಣವಾದ ಸಾಧನೆ ಖಾನ್‌ಖಾದ, ಅಂದರೆ ಸೂಫಿಗಳ ಮಠದ, ಗೋಡೆಯೊಳಗೇ ಉಳಿಯಬಹುದಿತ್ತು. ಅದನ್ನು ಮನೆಯ ಬೀಸುಕಲ್ಲಿನವರೆಗೆ ತಂದವರು ಬಿಜಾಪುರದ, ಇಂದಿನ ವಿಜಯಪುರದ, ಚಿಶ್ತಿ ಪರಂಪರೆಯವರು. ಅವರ ಬಳಗದಲ್ಲಿ ದಖನಿ ಭಾಷೆಯ ಚಕ್ಕೀನಾಮಾಗಳು ಹುಟ್ಟಿದವು. ಚಕ್ಕಿಯೆಂದರೆ ಬೀಸುಕಲ್ಲು. ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಅಧ್ಯಯನದಲ್ಲಿ ಇವಕ್ಕೆ ವಿಶೇಷ ಸ್ಥಾನವಿದೆ. ಕಲ್ಲಿನ ಹಿಡಿಗೂಟ ನೆಟ್ಟಗೆ ನಿಂತಿದೆ. ಅಲ್ಲಾಹನ ಹೆಸರಿನ ಮೊದಲಕ್ಷರವಾದ ಅಲಿಫ್ ಕೂಡ ಹಾಗೆಯೇ ನೆಟ್ಟಗಿನ ಗೀಟು. ಬೀಸುವವಳು ದಿನವೂ ಆ ಅಕ್ಷರವನ್ನೇ ಹಿಡಿದಿದ್ದಾಳೆಂಬುದು ಹಾಡಿನ ಭಾವ. ನೂಲುವ ರಾಟೆಗೂ ಇಂತಹ ಹಾಡುಗಳುಂಟು. ಉಸಿರಿನ ಲಯದಲ್ಲಿ ಸಾಧಕನು ನಡೆಸುತ್ತಿದ್ದ ಸ್ಮರಣೆಗೆ ಇಲ್ಲಿ ಕಲ್ಲಿನ ಸುತ್ತು ಲಯವಾಯಿತು.

ಈ ಹಾಡುಗಳನ್ನು ಮತಪ್ರಚಾರದ ಸಾಧನವೆಂದಷ್ಟೇ ಓದುವವರಿದ್ದಾರೆ. ನನಗೆ ಆ ಓದು ಸಾಲದು. ನಮ್ಮ ಬೀಸುವ ಪದಗಳನ್ನು ಕೇಳಿದ ಕಿವಿಗೆ ಅಲ್ಲಿ ಮತ್ತೊಂದು ಸಂಗತಿ ಕೇಳುತ್ತದೆ: ನಸುಕಿನಲ್ಲಿ ಎದ್ದು, ಮನೆಮಂದಿ ಮಲಗಿರುವಾಗ, ಎರಡು ಸೇರು ಜೋಳವನ್ನು ಹಿಟ್ಟು ಮಾಡಬೇಕಾದ ಹೆಂಗಸಿನ ದಣಿವು. ಮುಪ್ಪಿನವರೆಗೂ ಮುಗಿಯದ ಆ ದುಡಿತವೇ ಅವಳ ಖಾನ್‌ಖಾ. ಪೀರನ ಸನ್ನಿಧಿಯಲ್ಲಿ ನಲವತ್ತು ದಿನ ಏಕಾಂತದಲ್ಲಿ ಕೂರುವ ಬಿಡುವು ಅವಳಿಗೆ ಎಲ್ಲಿಯದು?