ಓಟಕ್ಕೆ ಮುನ್ನ ಒಂದು ಪ್ರಶ್ನೆ



ಮನೆಯಲ್ಲಿ ಉರ್ದು ಮಾತನಾಡುವ ಮಗು 'ಹಳ್ಳಿ'ಯನ್ನು 'ಹಲ್ಲಿ' ಎಂದು ಓದಿದರೆ ಅದು ಸೋಮಾರಿತನವಲ್ಲ. ಉರ್ದುವಿನಲ್ಲಿ 'ಳ' ಇಲ್ಲ. ನಾಲಗೆ ಮಡಿಸುವುದನ್ನು ತೋರಿಸಿಕೊಟ್ಟರೆ ಕಲಿಯುತ್ತದೆ. ಬೈದರೆ ಬಾಯಿಬಿಟ್ಟು ಓದುವುದನ್ನೇ ನಿಲ್ಲಿಸುತ್ತದೆ. ತರಗತಿಯಲ್ಲಿ ಇದು ನನಗೆ ಬೇಗ ಅರ್ಥವಾಯಿತು.

ಮೈದಾನದಲ್ಲಿ ಮಾತ್ರ ಆ ವಿವೇಕ ನನಗಿರಲಿಲ್ಲ. ಒಂದು ರಂಜಾನ್ ತಿಂಗಳಲ್ಲಿ ಖೋ ಖೋ ಪಂದ್ಯಕ್ಕೆ ತಯಾರಿ ನಡೆದಿತ್ತು. ಮಧ್ಯಾಹ್ನ 3 ಗಂಟೆಯ ಬಿಸಿಲು. ಹಿಂದೆ ಬಿದ್ದ ಹುಡುಗನೊಬ್ಬನಿಗೆ ಶಿಕ್ಷೆಯೆಂದು ಇನ್ನೆರಡು ಸುತ್ತು ಓಡಿಸಿದೆ. ಕುಸಿದು ಬಿದ್ದ. ನೀರು ಕುಡಿಸಿ ರೋಜಾ ಬಿಡಿಸಿದೆವು. ಅಂದು ಸಹರಿಗೂ ಎದ್ದಿರಲಿಲ್ಲವಂತೆ. "ಹೇಳಿದ್ರೆ ಟೀಮಿಂದ ತೆಗೀತೀರಿ ಅಂತ ಹೆದರಿದೆ ಸಾರ್" ಎಂದ. ನಾನೂ ರೋಜಾ ಇದ್ದೆ. ಆದರೆ ನೆರಳಿನಲ್ಲಿ ನಿಂತಿದ್ದೆ.

ದಕ್ಷಿಣ ಆಫ್ರಿಕಾದ ಹಾಶಿಮ್ ಆಮ್ಲಾ 2012ರ ಜುಲೈನಲ್ಲಿ, ರಂಜಾನ್‌ನಲ್ಲೇ, ಓವಲ್ ಮೈದಾನದಲ್ಲಿ ಅಜೇಯ 311 ರನ್ ಹೊಡೆದರು. ಪ್ರಯಾಣದಲ್ಲಿದ್ದುದರಿಂದ ಅವರು ರೋಜಾ ಇಟ್ಟಿರಲಿಲ್ಲ. ಊರಿಗೆ ಮರಳಿ ಪೂರೈಸುವುದಾಗಿ ಹೇಳಿದ್ದರು. ಪ್ರಯಾಣಿಕರಿಗೆ, ಕಾಯಿಲೆಯವರಿಗೆ ಈ ರಿಯಾಯಿತಿ ಕುರ್‌ಆನಿನಲ್ಲೇ ಇದೆ. ಮಕ್ಕಳಿಗೆ ಇದನ್ನು ತಿಳಿಸಬೇಕಾದವನು ನಾನು; ತಿಳಿಸಿರಲಿಲ್ಲ.

ಈಗ ರಂಜಾನ್‌ನಲ್ಲಿ ಓಟವಿಲ್ಲ. ಬಿಸಿಲು ಇಳಿದ ಮೇಲೆ ಕೂರುವುದು, ಏಳುವುದು, ಖೋ ಕೊಡುವ ಸಮಯ, ಇಷ್ಟನ್ನೇ ತಿದ್ದುತ್ತೇನೆ. ಅದಕ್ಕೂ ಮೊದಲು ಒಬ್ಬೊಬ್ಬನ ಬಳಿಯೂ ಹೋಗಿ ಕೇಳುತ್ತೇನೆ: "ಸಹರಿಗೆ ಏನು ತಿಂದೆಯಪ್ಪ?"

ಆ ಹುಡುಗ ಮರುವರ್ಷವೂ ತಂಡದಲ್ಲಿದ್ದ. ಖುದಾ ಹಾಫಿಜ್.